ಕೊಟ್ರಮ್ಮನಿಗೆ ಫೋನಿನಲ್ಲಿ ಸಿಕ್ಕ ವರ

ಹರಿಹರದಲ್ಲಿ ಕೊಟ್ರಮ್ಮ ಎಂಬ ಹೆಂಗಸಿದ್ದಳು. ಮದುವೆ ಕುದುರಿಸುವುದು ಅವಳ ಕಸುಬು. ಮುನ್ನೂರಕ್ಕೂ ಹೆಚ್ಚು ಮದುವೆ ಮಾಡಿಸಿದ್ದಳು. ಒಂದೂ ಮುರಿದಿರಲಿಲ್ಲ. ಮುರಿಯಲು ಅವಳು ಬಿಡುತ್ತಿರಲಿಲ್ಲ ಎನ್ನುವುದೂ ಅದಕ್ಕೊಂದು ಕಾರಣ.

ಅವಳ ವಿಚಾರಣೆ ಎಂದರೆ ಗಂಡು ಹೆತ್ತವರಿಗೆಲ್ಲ ಭಯ. ಅವರು ಹೇಳಿದ್ದನ್ನು ಅವಳು ನಂಬಿದವಳೇ ಅಲ್ಲ. ಹುಡುಗನ ಮನೆಗೆ ಹೋಗುವ ಮುಂಚೆ ಪಕ್ಕದ ಮನೆಗೆ ಹೋಗಿ ಒಂದು ಲೋಟ ಮಜ್ಜಿಗೆ ಕೇಳುತ್ತಿದ್ದಳು. ಮಜ್ಜಿಗೆ ಮುಗಿಯುವಷ್ಟರಲ್ಲಿ ಹುಡುಗನ ಗುಟ್ಕಾ, ಅವನಪ್ಪನ ಇಸ್ಪೀಟು, ಅವನಮ್ಮನ ಬಾಯಿ ಎಲ್ಲವೂ ಹೊರಗೆ ಬರುತ್ತಿದ್ದವು. ಆಮೇಲೆ ಹಾಲು ಹಾಕುವವನು, ಇಸ್ತ್ರಿ ಅಂಗಡಿಯವನು. ಇಷ್ಟೆಲ್ಲ ಆದ ಮೇಲೇ ಹುಡುಗನ ಮುಖ ನೋಡುತ್ತಿದ್ದುದು.

ಹೆಣ್ಣು ಹೆತ್ತವರು ಅವಳನ್ನು ನಂಬುತ್ತಿದ್ದುದು ಇದಕ್ಕೇ. ಮಗಳ ಫೋಟೋ, ಜಾತಕ, ಫೋನ್ ನಂಬರು, ಮನೆ ವಿಳಾಸ ಎಲ್ಲವನ್ನೂ ಅವಳ ಕೈಗೆ ಕೊಟ್ಟು ಒಂದೇ ಮಾತು ಹೇಳುತ್ತಿದ್ದರು: "ಕಂಡಕಂಡವರ ಕೈಗೆ ಹೋಗಬಾರದು ಕೊಟ್ರಮ್ಮ." ಅವಳು ಎದೆ ಮುಟ್ಟಿಕೊಂಡು ಮಾತು ಕೊಡುತ್ತಿದ್ದಳು.

ಮೊದಲು ಇವೆಲ್ಲ ಒಂದು ಬಟ್ಟೆಯ ಚೀಲದಲ್ಲಿದ್ದವು. ಸೊಸೆ ದಾಕ್ಷಾಯಿಣಿ ಬಂದ ಮೇಲೆ ಕಂಪ್ಯೂಟರಿಗೆ ಹೋದವು. ಮುಚ್ಚಿಹೋಗುತ್ತಿದ್ದ ಟೈಪಿಂಗ್ ಶಾಲೆಯಿಂದ ಅಗ್ಗಕ್ಕೆ ತಂದ ಕಂಪ್ಯೂಟರದು. ಎರಡು ತಿಂಗಳು ಕೂತು ನಾಲ್ಕುನೂರ ಹನ್ನೆರಡು ಹುಡುಗಿಯರ ವಿವರವನ್ನು ಸೊಸೆ ಅದರೊಳಗೆ ಸೇರಿಸಿದಳು. ಅತ್ತೆಗೆ ನೋಡುವುದನ್ನೂ ಕಲಿಸಿದಳು. ಜೊತೆಗೆ ನಾಲ್ಕು ಬುದ್ಧಿಮಾತು ಹೇಳಿದಳು.

"ಅತ್ತೆ, ಗೊತ್ತಿಲ್ಲದ್ದನ್ನ ಒತ್ತಬೇಡಿ. ಮೂಲೆಯಲ್ಲಿ ಆಂಟಿವೈರಸ್ಸು ಅಪ್‌ಡೇಟ್ ಕೇಳುತ್ತೆ, ಹೂಂ ಅನ್ನಿ. ಯಾರು ಕೇಳಿದರೂ ಪಾಸ್‌ವರ್ಡು, ಒಟಿಪಿ ಹೇಳಬೇಡಿ."

"ದಿನಾ ಬೆಳಗಾದರೆ ಬಂದು ನಿಲ್ಲುತ್ತಲ್ಲೇ ಅದು, ಉಳಿದ ಅನ್ನ ಕೇಳೋಕೆ ಬಂದ ಹಾಗೆ. ನಾನು ಮುಂದಕ್ಕೆ ಹೋಗು ಅಂದೆ, ಹೋಯ್ತು."

"ಅದು ಕಾವಲುಗಾರ ಅತ್ತೆ."

"ಮುನ್ನೂರು ಗಂಡುಗಳನ್ನ ಜರಡಿ ಹಿಡಿದವಳು ನಾನು. ನನಗೆ ಕಾವಲುಗಾರ ಬೇಕೇನೇ?"

ಸೊಸೆ ಪ್ರತಿ ಭಾನುವಾರ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಒಂದು ಬೇರೆ ಡಿಸ್ಕಿಗೆ ಇಳಿಸಿ ಬೀರುವಿನಲ್ಲಿ ಇಟ್ಟು ಬೀಗ ಹಾಕುವುದನ್ನು ಮಾತ್ರ ಬಿಡಲಿಲ್ಲ. ಸೊಸೆ ಹೇಳಿದ್ದನ್ನು ಅತ್ತೆಯಂದಿರು ಕೇಳುವುದಿಲ್ಲ. ಅದೇ ಮಾತನ್ನು ಗುರುತಿಲ್ಲದವನೊಬ್ಬ ಫೋನಿನಲ್ಲಿ ಹೇಳಿದರೆ ಪೆನ್ನು ಹುಡುಕಿ ಬರೆದುಕೊಳ್ಳುತ್ತಾರೆ.

ಒಂದು ಮಧ್ಯಾಹ್ನ ದಾಕ್ಷಾಯಿಣಿ ಗಿರಣಿಗೆ ಹೋಗಿದ್ದಳು. ಕೊಟ್ರಮ್ಮ ಕಂಪ್ಯೂಟರಿನ ಮುಂದೆ ಕೂತು ಎರಡು ಜಾತಕ ಹೊಂದಿಸಲು ಹೆಣಗುತ್ತಿದ್ದಳು. ಪಕ್ಕದಲ್ಲಿ ಒಂದು ಜಾಹೀರಾತು ಮಿನುಗಿತು: "ಉಚಿತ ಜಾತಕ ಹೊಂದಾಣಿಕೆ, ಒಂದೇ ನಿಮಿಷದಲ್ಲಿ." ಜೋಯಿಸರು ಅರ್ಧ ದಿನ ತೆಗೆದುಕೊಳ್ಳುವ ಕೆಲಸವನ್ನು ಇವರು ಒಂದು ನಿಮಿಷದಲ್ಲಿ, ಅದೂ ಪುಕ್ಕಟೆ ಯಾಕೆ ಮಾಡಿಕೊಡುತ್ತಾರೆ ಎಂದು ಅವಳು ಕೇಳಲಿಲ್ಲ. ಒತ್ತಿದಳು.

ಪರದೆ ಕೆಂಪಾಯಿತು. ಆಂಬುಲೆನ್ಸಿನ ಹಾಗೆ ಕೂಗತೊಡಗಿತು. ನಿಮ್ಮ ಕಂಪ್ಯೂಟರಿನಲ್ಲಿ ನಲವತ್ತೇಳು ವೈರಸ್ ಇವೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎಂಬ ಬರಹ ಬಂತು. ಕೊಟ್ರಮ್ಮ ಫೋನ್ ಮಾಡಿದಳು.

"ನಮಸ್ಕಾರ ಅಮ್ಮಾ, ಹೇಗಿದ್ದೀರಿ? ಊಟ ಆಯ್ತಾ?" ಎಂದಿತು ಒಂದು ಜೇನಿನಂಥ ದನಿ.

ಅಷ್ಟೇ ಸಾಕಾಯಿತು. ಕೊಟ್ರಮ್ಮ ನಲವತ್ತೇಳು ವೈರಸ್ಸನ್ನೂ ಮರೆತಳು.

"ಆಯ್ತಪ್ಪಾ. ನಿನ್ನ ಹೆಸರೇನು?"

"ಪ್ರೀತಮ್ ಅಮ್ಮಾ. ಕಂಪ್ಯೂಟರ್ ಕಂಪನಿಯ ಎಂಜಿನಿಯರು."

"ಮದುವೆ ಆಗಿದೆಯಾ?"

ಮೋಸಗಾರರಿಗೆ ಜನ ಬೈಯುತ್ತಾರೆ, ಅಳುತ್ತಾರೆ, ಬೇಡಿಕೊಳ್ಳುತ್ತಾರೆ. ಇದನ್ನು ಯಾರೂ ಕೇಳಿರಲಿಲ್ಲ.

"ಇಲ್ಲ ಅಮ್ಮಾ."

"ವಯಸ್ಸು?"

"ಮೂವತ್ತು. ಅಮ್ಮಾ, ಈಗ ಕಂಪ್ಯೂಟರಿನಲ್ಲಿ ನಾನು ಹೇಳಿದ್ದನ್ನ ಒತ್ತಿ."

ಕೊಟ್ರಮ್ಮನ ಕಣ್ಣ ಮುಂದೆ ಮೇಷ್ಟ್ರ ಮಗಳು ಪ್ರಫುಲ್ಲಾ ಬಂದು ನಿಂತಳು. ಹನ್ನೊಂದು ಗಂಡುಗಳನ್ನು ಬೇಡವೆಂದ ಹುಡುಗಿ. ಒಬ್ಬನಂತೂ ಸದ್ದು ಮಾಡಿ ಚಹಾ ಕುಡಿದ ಎಂದೇ ಬೇಡವಾಗಿದ್ದ. ಇಲ್ಲಿ ನೋಡಿದರೆ ಎಂಜಿನಿಯರು, ಮೂವತ್ತು ವರ್ಷ, ಮಾತಿಗೊಮ್ಮೆ ಅಮ್ಮಾ ಅನ್ನುತ್ತಾನೆ. ಆ ಕ್ಷಣದಿಂದ ಅವನು ರಿಪೇರಿಯವನಲ್ಲ, ಗಂಡಿನ ಕಡೆಯವನು. ಮೊದಲ ದಿನವೇ ಗಂಡಿನ ಕಡೆಯವರಿಗೆ ಇಲ್ಲ ಅನ್ನಬಾರದು. ಅದು ಅವಳ ಕಸುಬಿನ ಪಾಠ.

ಅವನು ಒತ್ತು ಎಂದದ್ದನ್ನು ಒತ್ತಿದಳು. ಪರದೆಯ ಮೇಲೆ ಬಂದ ಒಂಬತ್ತು ಅಂಕಿಯ ನಂಬರನ್ನು ಓದಿ ಹೇಳಿದಳು. ಕೂಡಲೇ ಪರದೆಯ ಬಾಣ ತಾನಾಗಿಯೇ ಓಡತೊಡಗಿತು.

"ಅಯ್ಯೋ, ನಾನು ಮುಟ್ಟೇ ಇಲ್ಲ!"

"ನಾನೇ ಅಮ್ಮಾ. ಇಲ್ಲಿಂದಲೇ ರಿಪೇರಿ ಮಾಡ್ತಿದ್ದೀನಿ."

"ಏನು ಚುರುಕಪ್ಪಾ ನೀನು!" ಎಂದಳು ಕೊಟ್ರಮ್ಮ, ಪ್ರಫುಲ್ಲಾಗೆ ಹೇಳಲು ಒಂದು ಗುಣ ಸಿಕ್ಕಿತೆಂದು.

ಬಾಣ ಅಲ್ಲಿ ಇಲ್ಲಿ ಮೂಸಿ ನೋಡಿ, ಹುಡುಗಿಯರ ವಿವರವಿದ್ದ ಜಾಗಕ್ಕೆ ಬಂದು ನಿಂತಿತು. ಎಲ್ಲವನ್ನೂ ಬಾಚಿಕೊಂಡಿತು. ಒಂದು ಹಸಿರು ಪಟ್ಟಿ ನಿಧಾನವಾಗಿ ಬೆಳೆಯತೊಡಗಿತು. ಪಕ್ಕದಲ್ಲಿ ಲೆಕ್ಕ ಬರುತ್ತಿತ್ತು: ನಾಲ್ಕುನೂರ ಹನ್ನೆರಡರಲ್ಲಿ ಒಂದು. ಎರಡು. ಮೂರು.

"ಹಾಗೆಲ್ಲ ಒಟ್ಟಿಗೆ ನೋಡಬಾರದಪ್ಪಾ," ಎಂದಳು ಕೊಟ್ರಮ್ಮ ನಾಚಿಕೊಂಡು. "ನಿನಗೆ ಹೊಂದೋದನ್ನ ನಾನೇ ತೋರಿಸ್ತೀನಿ. ಅದಿರಲಿ, ಯಾವ ಊರು ನಿಂದು?"

"ಬೆಂಗಳೂರು."

"ಅದು ಎಲ್ಲರ ಊರು. ಮೂಲ ಊರು ಹೇಳು."

"ದಾವಣಗೆರೆ."

"ಅರೆ, ಇಲ್ಲೇ ಪಕ್ಕ! ದಾವಣಗೆರೆಯಲ್ಲಿ ಎಲ್ಲಿ?"

"ಅದೇ... ಬಸ್ ಸ್ಟ್ಯಾಂಡ್ ಹತ್ರ."

"ಬಸ್ ಸ್ಟ್ಯಾಂಡ್ ಹತ್ರ ಬಸ್ಸು ಇರ್ತಾವೆ. ಮನೆ ಎಲ್ಲಿ? ಮನೆದೇವರು ಯಾವುದು?"

"ಎಲ್ಲಾ ದೇವರೂ ಒಂದೇ ಅಮ್ಮಾ."

ಕೊಟ್ರಮ್ಮನ ಹುಬ್ಬು ಮೇಲೇರಿತು. ಮೂವತ್ತು ವರ್ಷದ ಕಸುಬು ಮೈಯೊಳಗೆ ಎದ್ದು ಕೂತಿತು.

"ನಿನ್ನ ಸೋದರಮಾವನ ಹೆಸರೇನು?"

"ಯಾರ ಹೆಸರು ಅಮ್ಮಾ?"

"ಸೋದರಮಾವ ಕಣಪ್ಪಾ. ನಿಮ್ಮಮ್ಮನ ಅಣ್ಣನೋ ತಮ್ಮನೋ."

"ಅದೆಲ್ಲ ಯಾಕೆ ಅಮ್ಮಾ? ಹತ್ತು ನಿಮಿಷ ಸುಮ್ಮನೆ ಕೂತ್ಕೊಳ್ಳಿ. ಇಲ್ಲಾಂದ್ರೆ ಕಂಪ್ಯೂಟರ್ ಸುಟ್ಟುಹೋಗುತ್ತೆ. ಮನೆಯವರಿಗೆ ಯಾರಿಗೂ ಹೇಳಬೇಡಿ."

ಆತುರ ಮಾಡುವ ಗಂಡಿನವರನ್ನು ಕೊಟ್ರಮ್ಮ ಬೇಕಾದಷ್ಟು ಕಂಡಿದ್ದಳು. ಯಾರಿಗೂ ಹೇಳಬೇಡಿ ಅನ್ನುವವರನ್ನೂ ಕಂಡಿದ್ದಳು. ಆ ಎರಡನ್ನೂ ಒಟ್ಟಿಗೆ ಹೇಳಿದವರ ಮನೆಗೆ ಅವಳು ಇದುವರೆಗೆ ಒಂದು ಹೆಣ್ಣನ್ನೂ ಕೊಡಿಸಿರಲಿಲ್ಲ.

"ಯಾರೋ ನೀನು?" ಎಂದಳು.

"ಸುಮ್ಮನಿರೇ ಮುದುಕಿ," ಎಂದಿತು ಜೇನಿನ ದನಿ.

ಕೊಟ್ರಮ್ಮ ಫೋನ್ ಎಸೆದು ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದಳು. ಪಟ್ಟಿ ಬೆಳೆಯುತ್ತಲೇ ಇತ್ತು. ಹದಿನಾರು. ಹದಿನೇಳು. ಒಂದೊಂದು ಅಂಕಿಯೂ ಯಾರದೋ ಮನೆಯ ಹೆಣ್ಣುಮಗಳು. ಹದಿನೆಂಟು ಆಗುವಾಗ ದಾಕ್ಷಾಯಿಣಿ ತಲೆಯ ಮೇಲೆ ಹಿಟ್ಟಿನ ಡಬ್ಬಿ ಇಟ್ಟುಕೊಂಡು ಒಳಗೆ ಬಂದಳು. ಪರದೆ ನೋಡಿದಳು. ಡಬ್ಬಿ ಬಿತ್ತು. ಹಿಟ್ಟಿನ ಮೇಲೇ ನಡೆದು ಹೋಗಿ ಇಂಟರ್‌ನೆಟ್ಟಿನ ವಯರು ಕಿತ್ತಳು.

ಲೆಕ್ಕ ಹತ್ತೊಂಬತ್ತಕ್ಕೆ ನಿಂತಿತು.

ಕೊಟ್ರಮ್ಮ ಸೊಸೆಯ ಕೈ ಹಿಡಿದುಕೊಂಡಳು.

"ದಾಕ್ಷಾಯಿಣಿ, ಯಾರಿಗೂ ಹೇಳಬೇಡ ಕಣೇ. ಹತ್ತೊಂಬತ್ತೇ ತಾನೇ ಹೋಗಿದ್ದು. ಗೊತ್ತಾದರೆ ಊರಲ್ಲಿ ನನ್ನನ್ನ ಯಾರು ಮಾತಾಡಿಸ್ತಾರೆ?"

"ಅತ್ತೆ, ಹೋದ ವರ್ಷ ಒಬ್ಬ ಹುಡುಗನ ಮನೆಯವರು ಅವನಿಗೆ ಮೊದಲೇ ಒಂದು ಮದುವೆ ಆಗಿದ್ದನ್ನ ಮುಚ್ಚಿಟ್ಟಿದ್ರಲ್ಲ, ಅವರಿಗೆ ನೀವು ಏನಂದ್ರಿ?"

"ಮುಖಕ್ಕೆ ಉಗಿದೆ."

"ಈಗ ನೀವೇ ಹೋಗಿ ಹೇಳಿದರೆ ಒಂದು ಸಲ ಉಗಿಸಿಕೊಳ್ತೀರಿ. ಅವರಾಗೇ ತಿಳ್ಕೊಂಡರೆ ಸಾಯೋ ತನಕ ಉಗಿಸಿಕೊಳ್ತೀರಿ. ನಿಮಗೆ ಯಾವುದು ಅನುಕೂಲ ನೋಡಿ."

ಸೊಸೆಯ ಬಾಯಿ ಹರಿತ. ಆದರೆ ಮಾತು ಸರಿಯಿತ್ತು. ಇಬ್ಬರೂ ಮೊದಲು ಸೈಬರ್ ಪೊಲೀಸರಿಗೆ ದೂರು ಕೊಟ್ಟರು. ಕಂಪ್ಯೂಟರನ್ನು ಪೂರ್ತಿ ಅಳಿಸಿ, ಬೀರುವಿನಲ್ಲಿದ್ದ ಡಿಸ್ಕಿನಿಂದ ಎಲ್ಲವನ್ನೂ ಮತ್ತೆ ತುಂಬುವ ಕೆಲಸಕ್ಕೆ ದಾಕ್ಷಾಯಿಣಿ ಕೂತಳು. ಕೊಟ್ರಮ್ಮ ಆ ಸಂಜೆಯೇ ಚಪ್ಪಲಿ ಮೆಟ್ಟಿದಳು.

ಮುನ್ನೂರು ಮನೆಯ ಐಬು ಹೊರಗೆಳೆದವಳು ತನ್ನ ಐಬನ್ನು ತಾನೇ ಹೊತ್ತುಕೊಂಡು ಹತ್ತೊಂಬತ್ತು ಮನೆಗೆ ಹೋದಳು. "ನನ್ನಿಂದ ತಪ್ಪಾಯ್ತು. ನಿಮ್ಮ ಮಗಳ ಫೋಟೋ, ನಂಬರು ಕಳ್ಳರ ಕೈ ಸೇರಿದೆ. ಯಾರಾದರೂ ನನ್ನ ಹೆಸರು ಹೇಳ್ಕೊಂಡು ಫೋನ್ ಮಾಡಿದರೆ ನಂಬಬೇಡಿ, ಹೆದರಬೇಡಿ." ಕೆಲವರು ನೀರೂ ಕೊಡದೆ ಕಳಿಸಿದರು. ಇಬ್ಬರು ತಮ್ಮ ಮಗಳ ವಿವರ ಅಳಿಸಿಬಿಡು ಎಂದರು. ಎಲ್ಲರಿಗಿಂತ ಹೆಚ್ಚು ಬೈದವಳು ಎಣ್ಣೆ ಅಂಗಡಿಯ ಗಂಗಾಂಬಿಕೆ. ಬೀದಿ ತುದಿಯವರೆಗೆ ಹಿಂದೆಯೇ ಬಂದು ಬೈದಳು.

ನಾಲ್ಕನೆಯ ದಿನ ಅದೇ ಗಂಗಾಂಬಿಕೆಯ ಮನೆಯ ಫೋನ್ ಬಡಿದುಕೊಂಡಿತು.

"ನಿಮ್ಮ ಮಗಳ ಫೋಟೋ ನನ್ನ ಹತ್ರ ಇದೆ," ಎಂದಿತು ಒಂದು ದನಿ. "ಮರ್ಯಾದೆ ಉಳೀಬೇಕಾದರೆ ನಾನು ಹೇಳಿದಂಗೆ ಕೇಳಬೇಕು."

"ಯಾವ ಫೋಟೋ? ಹಸಿರು ಸೀರೆದಾ?" ಎಂದಳು ಗಂಗಾಂಬಿಕೆ.

"ಹೌದು," ಎಂದ ಅವನು, ಸ್ವಲ್ಪ ಗಲಿಬಿಲಿಯಾಗಿ.

"ಸ್ಟುಡಿಯೋದಲ್ಲಿ ತೆಗೆಸಿದ್ದಪ್ಪಾ ಅದು. ಇಪ್ಪತ್ತೆರಡು ಗಂಡಿನ ಮನೆಯವರು ನೋಡಿ ಆಗಿದೆ. ನೀನು ಇಪ್ಪತ್ಮೂರನೆಯವನು. ಕೊಟ್ರಮ್ಮ ಮೊನ್ನೆಯೇ ಬಂದು ನಿನ್ನ ವಿಷಯ ಹೇಳಿ ಹೋದ್ಲು. ಪೊಲೀಸರೂ ನಿನ್ನ ನಂಬರು ಕೇಳ್ತಿದ್ರು. ಸ್ವಲ್ಪ ನಿಲ್ಲು, ಬರ್ಕೊಳ್ತೀನಿ."

ಅವನು ನಿಲ್ಲಲಿಲ್ಲ. ಹತ್ತೊಂಬತ್ತರಲ್ಲಿ ಯಾವ ಮನೆಗೂ ಅವನು ಮತ್ತೆ ಫೋನ್ ಮಾಡಲಿಲ್ಲ. ಗಂಗಾಂಬಿಕೆ ಆ ಸಂಜೆ ಕೊಟ್ರಮ್ಮನ ಮನೆಗೆ ಬಂದು, ಒಂದು ಲೋಟ ಚಹಾ ಕುಡಿದು, ಉಳಿದಿದ್ದ ಬೈಗುಳವನ್ನೂ ಮುಗಿಸಿ, ಎದ್ದು ಹೋಗುವಾಗ ತನ್ನ ಎರಡನೆಯ ಮಗಳ ಫೋಟೋವನ್ನು ಮೇಜಿನ ಮೇಲೆ ಇಟ್ಟು ಹೋದಳು.

ನೀತಿ: ಮನೆಯ ಬಾಗಿಲಿಗೆ ಬಂದವನನ್ನು ಹತ್ತು ಕಡೆ ವಿಚಾರಿಸುವವರು ಕಂಪ್ಯೂಟರಿನ ಬಾಗಿಲಿಗೆ ಬಂದವನನ್ನೂ ವಿಚಾರಿಸಬೇಕು. ಸಿಹಿ ಮಾತು ಗುರುತಿನ ಚೀಟಿಯಲ್ಲ. ಇಷ್ಟರ ಮೇಲೂ ಮೋಸ ಹೋದರೆ ಮುಚ್ಚಿಡಬೇಡಿ. ಕಳ್ಳನ ಅರ್ಧ ಬಂಡವಾಳ ನಮ್ಮ ಪೆದ್ದುತನ, ಇನ್ನರ್ಧ ನಮ್ಮ ನಾಚಿಕೆ. ಮೊದಲನೆಯದು ಯಾರಿಗೂ ತಪ್ಪಿದ್ದಲ್ಲ. ಎರಡನೆಯದನ್ನು ಕೊಡದಿರುವುದು ನಮ್ಮ ಕೈಯಲ್ಲಿದೆ.