ಅಂಬಿಗನ ಕೈಯ ಕಲ್ಲು

ಮೈನೋವಿನ ಗಂಟು ಹುಡುಕಿ ಬಿಡಿಸುವ ವಿದ್ಯೆ ಕಲಿಯಲು ಹೊನ್ನವ್ವ ಏಳು ಊರು ತಿರುಗಿದ್ದಳು. ಒಬ್ಬ ವೈದ್ಯ, ಹೆಂಗಸರಿಗೆ ಹೇಳಿಕೊಡುವುದಿಲ್ಲ ಎಂದ. ಇನ್ನೊಬ್ಬ ಎರಡು ವರ್ಷ ಇಟ್ಟುಕೊಂಡು ಎಣ್ಣೆ ಕಾಯಿಸುವುದನ್ನಷ್ಟೇ ಕಲಿಸಿದ. ಕೊನೆಗೆ ಹೊಳೆದಂಡೆಯ ಆಶ್ರಮದಲ್ಲಿ ನೀಲಮ್ಮ ತಾಯಿ ಸಿಕ್ಕಳು.

ಅಲ್ಲಿ ಪಾಠ ಒಂದೇ. ಹಳೆಯ ಪಂಚಾಂಗದ ಹಾಳೆಗಳ ಅಡಿಯಲ್ಲಿ ಒಂದು ಕೂದಲೆಳೆ ಇಡುತ್ತಿದ್ದರು. ಮೇಲೆ ಹೆಬ್ಬೆರಳಾಡಿಸಿ ಅದು ಎಲ್ಲಿದೆ ಎಂದು ಹೇಳಬೇಕು. ಬೆರಳು ಪಳಗಿದಂತೆ ಹಾಳೆಗಳು ಹೆಚ್ಚುತ್ತಿದ್ದವು.

ನಾಲ್ಕು ವರ್ಷದ ಮೇಲೆ ವಸುಮತಿ ಬಂದಳು. ನಗರದ ತರಬೇತಿ ಕೇಂದ್ರವೊಂದರಲ್ಲಿ ಕಲಿತು ಪ್ರಮಾಣಪತ್ರ ಪಡೆದವಳು.

"ಅಷ್ಟು ಕಲಿತವಳಿಗೆ ಇಲ್ಲೇನು ಕೆಲಸ?" ಹೊನ್ನವ್ವ ಕೇಳಿದಳು.

"ಕಾಗದ ಸಿಕ್ಕಿತಕ್ಕ. ಗಂಟು ಸಿಗಲಿಲ್ಲ."

ತಾಯಿ ನಕ್ಕಳು. ನಾಲ್ಕು ವರ್ಷದಲ್ಲಿ ಆ ನಗು ಹೊನ್ನವ್ವನ ಯಾವ ಮಾತಿಗೂ ಬಂದಿರಲಿಲ್ಲ.

ಮೂರು ತಿಂಗಳಾಗುವಷ್ಟರಲ್ಲಿ ತಾಯಿಯ ಹೆಬ್ಬೆರಳು ನಡುಗತೊಡಗಿತು.

"ರೋಗಿಗಳನ್ನು ನೋಡುವ ಚಾಪೆ ಇನ್ನು ನಿಮ್ಮಿಬ್ಬರಲ್ಲೊಬ್ಬಳದು. ಯಾರದೆಂದು ನೋಡೋಣ" ಎಂದಳು.

ಅಂದು ಸಂಜೆ ತನ್ನ ನೋಯುವ ಹೆಗಲನ್ನು ವಸುಮತಿಯ ಕೈಗೆ ಕೊಟ್ಟಳು. ಹೊನ್ನವ್ವ ತೊಳೆದ ತಂಬಿಗೆಯನ್ನೇ ಮತ್ತೆರಡು ಸಲ ತೊಳೆದಳು.

ಬೆಳಿಗ್ಗೆ ಅಂಬಿಗ ಹುಲಿಗೆಪ್ಪ ಬಂದ. ಬಲಗೈ ಹೆಬ್ಬೆರಳಿನವರೆಗೂ ನೋವು, ದೋಣಿಯ ಹುಟ್ಟು ಹಿಡಿಯಲಾಗುತ್ತಿಲ್ಲ ಎಂದ.

"ಹೊನ್ನವ್ವ, ನೀನು ನೋಡು."

ತಾಯಿ ಅವನ ಎಡಗೈಗೆ ಒಂದು ಹೊಳೆಗಲ್ಲು ಕೊಟ್ಟಳು. ಅದು ಅಲ್ಲಿಯ ಪದ್ಧತಿ. ಗಂಡಸರು ನೋವೆಂದು ಬಾಯಿಬಿಡುವುದಿಲ್ಲ. ತಡೆಯಲಾಗದಿದ್ದಾಗ ಕಲ್ಲು ಬಿಡಬೇಕು. ಚಾಪೆಯ ಮೇಲೆ ಅದು ಬಿದ್ದ ಸದ್ದಿಗೆ ಒತ್ತುವವಳ ಬೆರಳು ಸಡಿಲಾಗಬೇಕು.

ಹೊನ್ನವ್ವ ನೋಯುವ ಕೈಯನ್ನು ಮುಟ್ಟಲಿಲ್ಲ. ನೇರವಾಗಿ ಬೆನ್ನಿನ ರೆಕ್ಕೆಮೂಳೆಯ ಮೇಲೆ ಬೆರಳಿಟ್ಟಳು. ಗಂಟು ಅಲ್ಲೇ ಇತ್ತು. ಒತ್ತಿ, ತಲೆಯೆತ್ತಿ ವಸುಮತಿಯನ್ನು ನೋಡಿದಳು. ನೋಡುತ್ತಲೇ ಇದ್ದಳು.

"ಅಕ್ಕ" ಎಂದಳು ವಸುಮತಿ.

"ಸುಮ್ಮನಿರು. ನೋಡಿ ಕಲಿ."

"ಅಕ್ಕ, ಕಲ್ಲು ಬಿದ್ದು ಬಹಳ ಹೊತ್ತಾಯಿತು."

ಹುಲಿಗೆಪ್ಪನ ಕಣ್ಣಲ್ಲಿ ನೀರಿತ್ತು. "ಇರಲಿ ಬಿಡವ್ವ" ಎಂದು ಅಂಗಿ ತೊಟ್ಟುಕೊಂಡ. "ನಾಳೆ ಬಾರಪ್ಪ" ಎಂದು ತಾಯಿ ಅವನನ್ನು ಕಳಿಸಿದಳು.

ಹೊನ್ನವ್ವ ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತಳು. ತಾಯಿ ಪಕ್ಕದಲ್ಲಿ ಬಂದು ಕೂತಳು.

"ಚಾಪೆ ಅವಳಿಗೆ ಕೊಟ್ಟುಬಿಡಿ. ಹೆಗಲು ಕೊಟ್ಟಾಗಲೇ ಗೊತ್ತಾಯಿತು."

"ನನ್ನ ಹೆಗಲಿನ ಗಂಟು ಅವಳಿಗೆ ಸಿಗಲಿಲ್ಲ. ಕಲಿಯಲೆಂದು ಕೊಟ್ಟೆ."

ಹೊನ್ನವ್ವ ತಿರುಗಿ ತಾಯಿಯ ಹೆಗಲನ್ನು ನೋಡಿದಳು.

"ಇದನ್ನು ಹಿಡಿ." ತಾಯಿ ಅಂಬಿಗನ ಕಲ್ಲನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. "ನಿನ್ನ ನೋವು ಎಲ್ಲಿ?"

"ನನಗೇನೂ ನೋವಿಲ್ಲ."

"ಆಗಲಿ. ನಿನ್ನೆ ವಸುಮತಿಗೆ ಎಷ್ಟು ಹಾಳೆಯಡಿ ಕೂದಲು ಸಿಕ್ಕಿತು?"

"ಇಪ್ಪತ್ತಮೂರು."

"ಮೊನ್ನೆ?"

"ಇಪ್ಪತ್ತೊಂದು. ಅದರ ಹಿಂದಿನ ದಿನವೂ ಇಪ್ಪತ್ತೊಂದೇ."

"ನಿನಗೆ?"

ಹೊನ್ನವ್ವ ಯೋಚಿಸಿದಳು. ನಿನ್ನೆಯದು ನೆನಪಾಗಲಿಲ್ಲ. ಮೊನ್ನೆಯದೂ ಆಗಲಿಲ್ಲ. ಪಂಚಾಂಗವನ್ನು ತಾನು ಕಡೆಯ ಬಾರಿ ಮುಟ್ಟಿದ್ದು ಯಾವಾಗ ಎಂಬುದೇ ನೆನಪಾಗಲಿಲ್ಲ.

ಮೆಟ್ಟಿಲ ಮೇಲೆ ಟಕ್ ಎಂದು ಸದ್ದಾಯಿತು.

ಅವಳು ಬಗ್ಗಿ ಕಲ್ಲನ್ನು ಎತ್ತಿಕೊಂಡಳು.

ತಾಯಿ ಎದ್ದು ನಿಂತು ಹೇಳಿದಳು. "ನಿನ್ನ ಕಲ್ಲು ಬಿದ್ದದ್ದು ನಿನಗೆ ಕೇಳಿಸಿತು. ನಾಳೆ ಆ ಅಂಬಿಗನದೂ ಕೇಳಿಸಿದರೆ ಚಾಪೆ ನಿನ್ನದು."