ಗೋಡೆಯಿಲ್ಲದ ಬಾಗಿಲು

ಕೂತುಕೊಳ್ಳಿ, ಕೂತುಕೊಳ್ಳಿ. ಚಪ್ಪಲಿ ಹೊರಗೆ ಬಿಟ್ಟು ಬಂದಿರಿ ತಾನೆ? ಯಾಕೆ ಕೇಳಿದೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಆ ಮೂಲೆಯಲ್ಲಿ ಆಕಳಿಸುತ್ತಿರುವವರು ಈಗಲೇ ಮಲಗಿಬಿಡಿ. ನಿಮ್ಮನ್ನು ಎಬ್ಬಿಸಿ ಎಬ್ಬಿಸಿ ಕತೆ ಹೇಳುವಷ್ಟು ಸಹನೆ ನನಗಿಲ್ಲ.

ಒಂದಾನೊಂದು ಊರಿನಲ್ಲಿ ಒಂದು ಬಾಗಿಲು ಇತ್ತು. ಮನೆ ಇರಲಿಲ್ಲ.

ಬಾಗಿಲು ಇದ್ದಮೇಲೆ ಮನೆ ಇರಲೇಬೇಕಲ್ಲ ಅಂತೀರಾ? ಇರಬೇಕು. ಅದೇ ಗೋಳು. ಮೊದಲಿಂದ ಹೇಳುತ್ತೇನೆ, ಬಾಯಿ ಹಾಕಬೇಡಿ.

ಆ ಊರಿನಲ್ಲಿ ದ್ಯಾವಣ್ಣ, ಸಾಕಮ್ಮ ಅಂತ ಗಂಡ ಹೆಂಡತಿ. ಅವರಿಗೆ ನಿಂಗಿ ಅಂತ ಒಬ್ಬಳೇ ಮಗಳು. ನಿಂಗಿ ಮದುವೆಯಾಗಿ ಗಂಡನ ಮನೆಗೆ ಹೋದಳು, ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ತವರು ಅನ್ನಿಸಿಕೊಳ್ಳಲು ಒಂದು ಮನೆಯಾದರೂ ಬೇಕಲ್ಲ? ಇವರೋ ಅಣ್ಣತಮ್ಮಂದಿರ ಸಂಸಾರಗಳ ಜೊತೆ ಒಂದೇ ಹಜಾರದಲ್ಲಿ ಮಲಗುವವರು. ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರೂ ಬದಲಿಸಬೇಕು. ಆದರೆ ಊರ ಅಂಚಿನಲ್ಲಿ ಅವರದೇ ಒಂದು ಖಾಲಿ ಜಾಗ ಇತ್ತು.

"ಮಗ್ಳು ಬರೋ ಹೊತ್ಗೆ ಅಲ್ಲೊಂದು ಕ್ವಾಣೆ ಆಗ್ಬೇಕು," ಅಂದಳು ಸಾಕಮ್ಮ.

ದ್ಯಾವಣ್ಣ ಗಾರೆ ಕೆಲಸದವನನ್ನು ಕರೆಯಬೇಕಿತ್ತು. ಆರ್ಕಿಟೆಕ್ಟನ್ನು ಕರೆದುಬಿಟ್ಟ. ಬೀಗರು ಕರೆಸಿದ್ದರಂತೆ. ಅವರಿಗಿಂತ ನಾವೇನು ಕಮ್ಮಿ ಅಂತ.

ಆರ್ಕಿಟೆಕ್ಟನ ಹೆಸರು ಚಿತ್ರಭಾನು. ಕಿವಿಯ ಮೇಲೆ ಪೆನ್ಸಿಲ್ಲು, ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ. ಜಾಗಕ್ಕೆ ಬಂದವನು ನೆಲ ನೋಡಲಿಲ್ಲ, ಆಕಾಶ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ:

"ನಿಮ್ಮ ಕನಸೇನು?"

"ಒಂದು ಕ್ವಾಣೆ ಸೋಮಿ," ಅಂದಳು ಸಾಕಮ್ಮ. "ಮಗಳ ಬಾಣಂತನಕ್ಕೆ. ಒಂದು ಒಲೆ, ಒಂದು ಹಂಡೆ ಬಿಸಿನೀರು, ನಾಕು ಗ್ವಾಡೆ."

"ಅದು ಅಗತ್ಯ ತಾಯಿ. ಅಗತ್ಯ ಯಾರಿಗೆ ಇರುವುದಿಲ್ಲ? ನಾನು ಕೇಳಿದ್ದು ಕನಸು."

ದ್ಯಾವಣ್ಣ ತಲೆ ಕೆರೆದುಕೊಂಡು, "ನಂಗೆ ಮೊನ್ನೆ ಕನಸ್ನಲ್ಲಿ ಒಂದೆಮ್ಮೆ ಬಂದಿತ್ತು," ಅಂದ.

"ಆಹಾ!" ಅಂದ ಚಿತ್ರಭಾನು. ಕಾಗದ ಬಿಚ್ಚಿದ. ನಡುಮನೆಯ ನಟ್ಟನಡುವೆ ಒಂದು ಎಮ್ಮೆ ಬರೆದ.

ಮುಂದಿನ ಸಲ ಬಂದಾಗ ಎಮ್ಮೆಯ ಮೇಲೆ ಬೆಳದಿಂಗಳು ಬೀಳಲು ಒಂದು ಜಾಗ ಬರೆದು ತಂದ. ಅದರ ಮುಂದಿನ ಸಲ ಒಂದು ಮೆಟ್ಟಿಲು ಬರೆದ. ಮೆಟ್ಟಿಲು ಎಲ್ಲಿಗೂ ಹೋಗುತ್ತಿರಲಿಲ್ಲ. "ಏರುವುದು ಮುಖ್ಯ, ತಲುಪುವುದಲ್ಲ," ಅಂದ. ಪ್ರತಿ ಸಲವೂ ಸಾಕಮ್ಮ ಕಾಗದದ ಮೇಲೆ ಬಗ್ಗಿ ಒಂದೇ ಮಾತು ಕೇಳುತ್ತಿದ್ದಳು.

"ಗ್ವಾಡೆ ಎಲ್ಲಿ ಸೋಮಿ?"

"ಗೋಡೆ ಅಂದರೆ ಸೋಲು ತಾಯಿ. ಮನೆ ಉಸಿರಾಡಬೇಕು."

"ಮನೆ ಉಸಿರಾಡ್ಲಿ. ಮಗ್ಳು ಎಲ್ಲಿ ಹೆರ್ಬೇಕು?"

"ಅದು ಮುಂದಿನ ನಕ್ಷೆಯಲ್ಲಿ ಬರುತ್ತದೆ."

ಹೀಗೆ ನಕ್ಷೆ ಬೆಳೆಯಿತು. ನಿಂಗಿಯ ಹೊಟ್ಟೆಯೂ ಬೆಳೆಯಿತು. ಜಾಗದಲ್ಲಿ ಮಾತ್ರ ಹುಲ್ಲು ಬೆಳೆಯಿತು.

ಈಗ ಶಾಸ್ತ್ರದ ವಿಷಯಕ್ಕೆ ಬರೋಣ. ಆ ಸೀಮೆಯಲ್ಲಿ ಮನೆ ಕಟ್ಟುವಾಗ ಮೊದಲು ಬಾಗಿಲು ನಿಲ್ಲಿಸುತ್ತಾರೆ. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಕಾಯಿ ಒಡೆದು, ಆಮೇಲೆ ಅದರ ಎರಡೂ ಪಕ್ಕಕ್ಕೆ ಗೋಡೆ ಎಬ್ಬಿಸುತ್ತಾರೆ. ಜೋಯಿಸರು ಒಂದು ಮುಹೂರ್ತ ಹುಡುಕಿಕೊಟ್ಟರು. ಅದು ತಪ್ಪಿದರೆ ಮುಂದಿನ ಮುಹೂರ್ತ ಬರುವಷ್ಟರಲ್ಲಿ ಮಗು ಎದ್ದು ಓಡಾಡುತ್ತಿರುತ್ತದೆ ಅಂದರು. ನಕ್ಷೆಯಂತೂ ಆಗಿಲ್ಲ. ಸಾಕಮ್ಮ ಚಿತ್ರಭಾನುವನ್ನು ಕೇಳಿದಳು. ಅವನು ಆಕಾಶ ನೋಡುತ್ತಲೇ ಕೈ ಬೀಸಿದ.

"ಇಡಿ, ಇಡಿ. ಎಲ್ಲಿ ಇಟ್ಟರೂ ನಕ್ಷೆಯನ್ನು ಅದಕ್ಕೆ ಹೊಂದಿಸುತ್ತೇನೆ."

ಇಟ್ಟರು. ಬಯಲಿನಲ್ಲಿ ಬಾಗಿಲೊಂದೇ ನಿಂತಿತು. ಕಾಯಿ ಒಡೆದರು, ಮಂಗಳಾರತಿ ಎತ್ತಿದರು. ಅಷ್ಟು ಮರ್ಯಾದೆ ಸಿಕ್ಕರೆ ಯಾರಿಗೆ ತಾನೆ ತಲೆ ತಿರುಗುವುದಿಲ್ಲ? ಬಾಗಿಲು ಗಂಟಲು ಸರಿಮಾಡಿಕೊಂಡು ಕೇಳಿತು:

"ನಾನು ಯಾರು?"

"ಬಾಗ್ಲು," ಅಂದ ದ್ಯಾವಣ್ಣ.

"ಬಾಗಿಲಿನ ಹಿಂದೆ ಏನಿರುತ್ತದೆ?"

"ಮನೆ."

"ಸರಿ ಹಾಗಾದರೆ. ನನ್ನ ಹಿಂದೆ ಇರುವುದೆಲ್ಲ ಮನೆ. ಚಪ್ಪಲಿ ಬಿಟ್ಟು ಬನ್ನಿ."

"ಎಲ್ಲೀಗಂಟ ಮನೆ?" ಅಂತ ಸಾಕಮ್ಮ ಕೇಳಿದಳು.

"ನನ್ನ ಗೋಡೆ ಬರುವವರೆಗೆ."

ಗೋಡೆಯೇ ಇಲ್ಲವಲ್ಲ! ಬಾಗಿಲ ಹಿಂದೆ ಖಾಲಿ ಜಾಗ. ಅದರ ಹಿಂದೆ ರಾಗಿ ಹೊಲ. ಅಲ್ಲಿ ಕಳೆ ಕೀಳುತ್ತಿದ್ದವರು ಚಪ್ಪಲಿ ಬಿಟ್ಟರು. ಹೊಲದ ಹಿಂದೆ ಕೆರೆ. ಕೆರೆ ಬಚ್ಚಲುಮನೆಯಾಯಿತು. ಕೆರೆಯ ಹಿಂದೆ ಗುಡ್ಡ. ಗುಡ್ಡ ಅಟ್ಟವಾಯಿತು. ನಗಬೇಡಿ. ಪೂಜೆಯಾದ ಬಾಗಿಲಿನ ಮಾತು ಮೀರುವ ಧೈರ್ಯ ಯಾರಿಗಿದೆ? ನಿಮಗಿದೆಯೇ? ಹೊಸ್ತಿಲ ಮೇಲೆ ಕೂತು ಒಂದು ಸೀನು ಸೀನಿ ನೋಡೋಣ. ಇಲ್ಲ ತಾನೆ? ಸುಮ್ಮನೆ ಕೇಳಿ.

ಗುಡ್ಡದ ಹಿಂದೆ ಅರಮನೆ ಇತ್ತು.

ಆ ಅರಮನೆಯ ರಾಜನಿಗೆ ಒಂದೇ ಒಂದು ಹುಚ್ಚು, ಕಿರುಗುಟ್ಟುವ ಮೆಟ್ಟು. ನಡೆದರೆ ಕಿರ್ರ್ ಅನ್ನಬೇಕು. ಕಿರ್ರ್ ಅಂದರೆ ಮಂತ್ರಿ ಎದ್ದು ನಿಲ್ಲುತ್ತಿದ್ದ. ಕಿರ್ರ್ ಕಿರ್ರ್ ಅಂದರೆ ಸೈನ್ಯ ಎದ್ದು ನಿಲ್ಲುತ್ತಿತ್ತು. ಆ ಸದ್ದು ಕೇಳಿದರೇನೇ ತಾನು ರಾಜ ಅನ್ನುವುದು ಅವನಿಗೆ ನೆನಪಾಗುತ್ತಿತ್ತು. ಅಂಥವನಿಗೆ ಬಾಗಿಲು ಹೇಳಿಕಳಿಸಿತು, ಮೆಟ್ಟು ಬಿಡಿ, ನೀವು ದ್ಯಾವಣ್ಣನ ಮನೆಯೊಳಗೆ ಇದ್ದೀರಿ.

"ಇದು ನನ್ನ ಅರಮನೆ!" ಅಂತ ರಾಜ ಕೂಗಿದ.

"ಇರಲಿ, ಯಾರು ಬೇಡ ಅಂದರು?" ಅಂತ ಬಾಗಿಲು ಮರುಮಾತು ಕಳಿಸಿತು. "ನಡುಮನೆಯಲ್ಲಿ ಒಂದು ಕಪಾಟು ಇರುತ್ತದಲ್ಲ, ಹಾಗೆ ಇರಲಿ."

ರಾಜ ಮೆಟ್ಟು ಬಿಟ್ಟ. ಬರಿಗಾಲಲ್ಲಿ ನಡೆದ. ಸದ್ದಿಲ್ಲ. ಮಂತ್ರಿ ಅವನನ್ನು ನೋಡಿ, "ಯಾರಯ್ಯಾ ನೀನು?" ಅಂದ.

ಬಾಗಿಲಿನ ಮುಂದೆ, ಬೀದಿಯ ಕಡೆ ಇದ್ದವರು ಇದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಕಾಲಲ್ಲಿ ಚಪ್ಪಲಿ ಇತ್ತಲ್ಲ! ಆಗ ಊರಿನ ಮೇಷ್ಟರು ಸುಮ್ಮನಿರಬಾರದೇ? ಅವರು ಕನ್ನಡಕ ಏರಿಸಿ ಹೇಳಿದರು:

"ಭೂಮಿ ಗುಂಡಗಿದೆ. ಬಾಗಿಲಿನ ಹಿಂದಕ್ಕೆ ನೆಟ್ಟಗೆ ಹೋಗುತ್ತಾ ಹೋದರೆ ಸುತ್ತಿಕೊಂಡು ಬಾಗಿಲಿನ ಮುಂದಕ್ಕೇ ಬರುತ್ತೀರಿ. ಆದ್ದರಿಂದ ಮುಂದೆ ಇರುವುದೂ ಹಿಂದೆಯೇ."

ಮುಗಿಯಿತು. ಬೀದಿಯವರೂ ಚಪ್ಪಲಿ ಬಿಟ್ಟರು. ಮೇಷ್ಟರೂ ಬಿಟ್ಟರು. ಇಡೀ ಲೋಕ ದ್ಯಾವಣ್ಣನ ಮನೆಯಾಯಿತು. ಹೊರಗು ಅನ್ನುವುದೇ ಇಲ್ಲ.

ಕಳ್ಳರಿಗೆ ಕೆಲಸ ಹೋಯಿತು. ಒಳಗೆ ನುಗ್ಗೋಣ ಅಂದರೆ ಆಗಲೇ ಒಳಗೇ ಇದ್ದಾರೆ. "ಮನೆಯವರಾದ ಮೇಲೆ ಊಟಕ್ಕೆ ಹಾಕಿ," ಅಂತ ಎಲೆ ಹಾಸಿಕೊಂಡು ಕೂತರು. ಮಾವನ ಮನೆಗೆ ಹೋಗಿ ಮರ್ಯಾದೆ ಮಾಡಿಸಿಕೊಳ್ಳುವ ಅಳಿಯಂದಿರೆಲ್ಲ ಕೂತಲ್ಲೇ ಮನೆ ಅಳಿಯಂದಿರಾದರು. ಅವರ ಮುಖ ನೀವು ನೋಡಬೇಕಿತ್ತು! ದ್ಯಾವಣ್ಣನೋ, ಮನೆ ಯಜಮಾನ ಅಂತ ಮೀಸೆ ತಿರುವಿಕೊಂಡು ತಿರುಗಿದ. ಸಾಕಮ್ಮನ ಪಾಡು ಕೇಳಬೇಡಿ. ಬೆಳಗಾಗೆದ್ದು ಮನೆ ಗುಡಿಸಬೇಕಲ್ಲ? ಪೂರ್ವ ದಿಕ್ಕಿನಿಂದ ಗುಡಿಸಿಕೊಂಡು ಹೋದರೆ ಪಶ್ಚಿಮ ಮುಟ್ಟುವಷ್ಟರಲ್ಲಿ ಪೂರ್ವದಲ್ಲಿ ಎಲೆ ಉದುರಿರುತ್ತಿತ್ತು. ಗುಡಿಸಿದ ಕಸವನ್ನು ಎಲ್ಲಿ ಹಾಕುವುದು? ಹೊರಗೆ ಹಾಕೋಣ ಅಂದರೆ ಹೊರಗು ಎಲ್ಲಿದೆ?

ಚಿತ್ರಭಾನುವಿಗೆ ಮಾತ್ರ ಖುಷಿಯೋ ಖುಷಿ. "ನೋಡಿದಿರಾ? ಗೋಡೆಯೇ ಇಲ್ಲದ ಮನೆ! ಉಸಿರಾಡುತ್ತಿದೆ!"

ಇಂಥ ಹೊತ್ತಿನಲ್ಲಿ ನಿಂಗಿ ಗಾಡಿಯಲ್ಲಿ ಬಂದಿಳಿದಳು.

"ಎಲ್ಲಿಂದ ಬಂದೆ?" ಅಂತ ಬಾಗಿಲು ಕೇಳಿತು.

"ಗಂಡನ ಮನೆಯಿಂದ."

"ಒಳಗಿಂದ ಒಳಗೆ ಬರುವುದು ಬರುವುದಲ್ಲ. ನೀನು ಇನ್ನೂ ಬಂದಿಲ್ಲ."

ಬಾಗಿಲು ಒಪ್ಪದಿದ್ದರೆ ಹೆರಿಗೆ ನೋವು ನಿಲ್ಲುತ್ತದೆಯೇ? ನಿಂಗಿ ಅಲ್ಲೇ ಹುಲ್ಲಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಳು. ಆಮೇಲೆ ಮಲಗಿದಳು. ನೋವು ಬಂತು, ಹೋಯಿತು, ಮತ್ತೆ ಬಂತು. ಮಗು ಮಾತ್ರ ಬರಲಿಲ್ಲ. ಸಾಕಮ್ಮ ಮಗಳ ಹೊಟ್ಟೆಗೆ ಕಿವಿ ಇಟ್ಟು, "ಹೊರಗ್ ಬಾ ಕಂದ," ಅಂದಳು.

ಒಳಗಿಂದ ಸಣ್ಣ ದನಿ ಕೇಳಿಸಿತು. "ಹೊರಗು ಎಲ್ಲದೆ ಅಜ್ಜಿ?"

"ಹಂಗಂದ್ರೇನ್ಲಾ?"

"ಎಲ್ಲಾನೂ ಒಳಗೇ ಅಂತ ಬಾಗ್ಲು ಹೇಳ್ತಾ ಅದಲ್ಲ. ಒಳಗೇ ಇರೋದಾದ್ರೆ ನಾ ಇಲ್ಲೇ ಚೆನ್ನಾಗಿವ್ನಿ. ಇಲ್ಲಿ ಬಿಸಿನೀರೂ ಅದೆ, ಸುತ್ತ ಗ್ವಾಡೆನೂ ಅದೆ."

ಕೂಸು ಹೇಳಿದ್ದು ನಿಜ. ನಿಂಗಿಯ ತುಟಿ ಒಣಗಿತು. ಕಣ್ಣು ಮೇಲಕ್ಕೆ ಹೋಗತೊಡಗಿತು. ಇಲ್ಲಿ ನಗಬೇಡಿ. ಮಗು ಬರದಿದ್ದರೆ ಮಗಳೂ ಉಳಿಯುವುದಿಲ್ಲ, ಸಾಕಮ್ಮನಿಗೆ ಅದು ಗೊತ್ತಾಗಿಹೋಯಿತು.

ಅಷ್ಟರಲ್ಲಿ ಗುಡ್ಡದ ಕಡೆಯಿಂದ ರಾಜ ಓಡಿ ಬಂದ. ಬರಿಗಾಲು. ಮೆಟ್ಟು ಎದೆಗವಚಿಕೊಂಡಿದ್ದಾನೆ. ಹಿಂದೆ ಸೈನ್ಯ, ಅದೂ ಬರಿಗಾಲು.

"ಹೊರಗು ಬೇಕು! ನನಗೆ ಹೊರಗು ಬೇಕು! ಎಲ್ಲಿ ಆ ಆರ್ಕಿಟೆಕ್ಟು? ಒಂದು ಹೊರಗು ಬರೆದುಕೊಡು!"

"ಹೊರಗನ್ನು ಬರೆಯಲು ಬರುವುದಿಲ್ಲ ಪ್ರಭು," ಅಂದ ಚಿತ್ರಭಾನು. "ಒಳಗನ್ನು ಬರೆದರೆ ಮಿಕ್ಕಿದ್ದು ಹೊರಗು."

"ಹಾಗಾದರೆ ಎಲ್ಲಕ್ಕಿಂತ ಸಣ್ಣದೊಂದು ಒಳಗು ಬರೆ. ಮಿಕ್ಕಿದ್ದರಲ್ಲಿ ನಾನು ನಡೆದಾಡುತ್ತೇನೆ."

"ಕನಸಿಲ್ಲದೆ ನಾನು ಗೆರೆ ಎಳೆಯುವುದಿಲ್ಲ. ತಮ್ಮ ಕನಸೇನು?"

"ಕಿರ್ರ್," ಅಂದ ರಾಜ.

ಆಗ ಸಾಕಮ್ಮ ಎದ್ದಳು. ರಾಜನನ್ನು ಪಕ್ಕಕ್ಕೆ ತಳ್ಳಿದಳು. ಚಿತ್ರಭಾನುವಿನ ಅಂಗಿಯ ಕುತ್ತಿಗೆಪಟ್ಟಿಗೆ ಕೈ ಹಾಕಿದಳು.

"ಕನಸು ಬೇಕಾ ನಿಂಗೆ? ಕೇಳು. ನಮ್ಮವ್ವ ನನ್ನ ಹೆತ್ತಿದ್ದು ಹೊಲದ ಬದುವಲ್ಲಿ. ನಾ ನಿಂಗೀನ ಹೆತ್ತಿದ್ದು ಮಂದಿ ತುಂಬಿದ ಹಜಾರದಲ್ಲಿ, ಒಂದು ಸೀರೆ ಮರೆ ಕಟ್ಕಂಡು. ಆ ಕಡೆ ಮಾವ, ಮೈದುನ್ರು ಮುದ್ದೆ ಉಣ್ತಾ ಕೂತಿದ್ರು. ನನ್ ಕೂಗು ಅವ್ರಿಗೆ ಕೇಳ್ಬಾರ್ದು ಅಂತ ಸೆರಗ ಬಾಯಿಗೆ ತುರುಕ್ಕಂಡೆ. ಈಗ್ಲೂ ಕೂಗೋಕೆ ಬಾಯಿ ತೆಗೆದ್ರೆ ಬಟ್ಟೆ ರುಚಿ ಬತ್ತದೆ ನಂಗೆ. ನನ್ ಮಗ್ಳು ಬಾಯ್ಬುಟ್ಟು ಕೂಗ್ಬೇಕು. ಅದ್ಕೆ ಗ್ವಾಡೆ ಬೇಕು. ಅದೇ ನನ್ ಕನಸು. ಸಾಕಾ, ಇನ್ನೂ ಬೇಕಾ?"

ಹುಟ್ಟಿದಂದಿನಿಂದ ಮೊದಲ ಸಲ ಚಿತ್ರಭಾನು ನೆಲ ನೋಡಿದ. ನೆಲದ ಮೇಲೆ ನಿಂಗಿ ಇದ್ದಳು. ಪೂಜೆಯಲ್ಲಿ ಉಳಿದಿದ್ದ ರಂಗೋಲಿ ಪುಡಿ ಹೊಸ್ತಿಲ ಬಳಿ ಇತ್ತು, ಅದನ್ನು ಹಿಡಿಯಲ್ಲಿ ತೆಗೆದುಕೊಂಡ. ಒಬ್ಬಳು ಕಾಲು ಚಾಚಿ ಮಲಗುವಷ್ಟು ಬಿಟ್ಟ. ಇನ್ನೊಬ್ಬಳು ಪಕ್ಕದಲ್ಲಿ ಕೂತುಕೊಳ್ಳುವಷ್ಟು ಬಿಟ್ಟ. ಒಲೆಗೆ ಬಿಟ್ಟ, ಹಂಡೆಗೆ ಬಿಟ್ಟ. ಸುತ್ತ ಗೆರೆ ಎಳೆದು ತಂದು ಬಾಗಿಲಿಗೆ ಸೇರಿಸಿದ.

"ಎಮ್ಮೆಗೆ?" ಅಂತ ದ್ಯಾವಣ್ಣ ಕೇಳಿದ.

"ಎಮ್ಮೆ ಹೊರಗೆ," ಅಂದ ಚಿತ್ರಭಾನು.

ಹೊರಗೆ! ಆ ಮಾತು ಕೇಳಿದ್ದೇ ತಡ, ಲೋಕಕ್ಕೆ ಲೋಕವೇ ಹೋ ಅಂತ ಕೂಗಿತು. ಒಂದೇ ಮನೆಯವರಾಗಿ ಎಲ್ಲರಿಗೂ ಸಾಕುಸಾಕಾಗಿತ್ತು. ಕಳ್ಳರು ಮಣ್ಣು ಹೊತ್ತರು. ಮನೆ ಅಳಿಯಂದಿರು ನೀರು ಹೊತ್ತರು. ಕೆಸರು ತುಳಿಯಲು ಬರಿಗಾಲು ಬೇಕಲ್ಲ? ರಾಜ ಇಳಿದ. ಮೊಣಕಾಲುದ್ದ ಕೆಸರಿನಲ್ಲಿ ತಪತಪ ತುಳಿದ. ಅಷ್ಟು ಚೆನ್ನಾಗಿ ಅವನು ರಾಜ್ಯವನ್ನೂ ಆಳಿರಲಿಲ್ಲ. ಗೋಡೆ ಎದ್ದಿತು. ಮೇಲೆ ಗರಿ ಹೊದಿಸಿದರು. ಒಳಗೆ ಒಲೆ ಹೊತ್ತಿತು, ಹಂಡೆ ಕಾದಿತು. ಸಾಕಮ್ಮ ಗಂಡಸರನ್ನೆಲ್ಲ ಆಚೆಗೆ ಅಟ್ಟಿ ಬಾಗಿಲು ಹಾಕಿದಳು.

ಬಾಗಿಲು ತನ್ನ ಹಿಂದಕ್ಕೆ ನೋಡಿಕೊಂಡಿತು. "ಇಷ್ಟೇನಾ?"

"ಇಷ್ಟೇ," ಅಂದಳು ಸಾಕಮ್ಮ.

"ಬೆಚ್ಚಗಿದೆ," ಅಂತು ಬಾಗಿಲು. ಆಮೇಲೆ ಕೊಬ್ಬಿನ ಮಾತು ಆಡಲಿಲ್ಲ.

ನಿಂಗಿ ಕೂಗಿದಳು. ಬಾಯಿ ಬಿಟ್ಟು, ಗಂಟಲು ಬಿಟ್ಟು ಕೂಗಿದಳು. ಗಂಡನನ್ನು ಬೈದಳು, ಅವನ ವಂಶವನ್ನು ಬೈದಳು, ಮುಹೂರ್ತ ಕೊಟ್ಟ ಜೋಯಿಸರನ್ನು ಬೈದಳು. ಆ ಕೂಗು ಗುಡ್ಡದಾಚೆಗೂ ಕೇಳಿಸಿತು ಅನ್ನಿ. ಗೋಡೆ ಯಾವುದನ್ನೂ ತಡೆಯಲಿಲ್ಲ. ಆದರೂ ಯಾರೂ ನಿಂಗಿಯ ಕಡೆ ನೋಡುವ ಹಾಗಿರಲಿಲ್ಲ, ಅವಳು ಯಾರ ಕಡೆಯೂ ನೋಡಬೇಕಾಗಿರಲಿಲ್ಲ. ಸಾಕಮ್ಮ ಪಕ್ಕದಲ್ಲಿ ಕೂತು, "ಕೂಗು ಮಗ, ಇನ್ನೂ ಜೋರಾಗಿ ಕೂಗು," ಅಂತ ಅಳುತ್ತಿದ್ದಳು.

ಹೊಟ್ಟೆಯೊಳಗಿಂದ ಮತ್ತೆ ದನಿ ಬಂತು. "ಅಜ್ಜಿ, ಹೊರಗು ಆಯ್ತಾ?"

"ಆಯ್ತು ಕಂದ."

"ಸುಳ್ಳು."

"ಕಿವಿಗೊಟ್ಟು ಕೇಳು."

ಗೋಡೆಯ ಆಚೆ ರಾಜ ಕಾಲು ತೊಳೆದುಕೊಂಡು ಮೆಟ್ಟು ಮೆಟ್ಟಿದ. ಒಂದು ಹೆಜ್ಜೆ ಇಟ್ಟ. ಕಿರ್ರ್. ಇನ್ನೊಂದು ಹೆಜ್ಜೆ ಇಟ್ಟ. ಕಿರ್ರ್. ಮಂತ್ರಿ ಎದ್ದು ನಿಂತ.

"ಓ," ಅಂತು ಮಗು. "ಅದೆ, ಅದೆ. ಹೊರಗು ಅದೆ." ಅಂದದ್ದೇ ಹುಟ್ಟಿಬಿಟ್ಟಿತು.

ಹೆಣ್ಣು ಮಗು. ನಿಂಗಿ ನಕ್ಕಳು. ಸಾಕಮ್ಮ ಬಿಸಿನೀರು ಹಾಕಿ ಎರೆದಳು. ಮಗು ಕಣ್ಣು ಬಿಟ್ಟು ಈ ಗೋಡೆ ನೋಡಿತು, ಆ ಗೋಡೆ ನೋಡಿತು, ಸುತ್ತಲೂ ನೋಡಿತು. ಆಮೇಲೆ ಅಜ್ಜಿಯ ಮುಖ ನೋಡಿ ಕೇಳಿತು:

"ಕಿಟಕಿ ಎಲ್ಲಿ?"

ಗೋಡೆಯಾಚೆ ಚಿತ್ರಭಾನುವಿನ ಕಿವಿ ನೆಟ್ಟಗಾಯಿತು. ಕಿವಿಯ ಮೇಲಿನ ಪೆನ್ಸಿಲ್ಲು ಕೈಗೆ ಬಂತು. ಕಣ್ಣು ಮೆಲ್ಲಗೆ ಆಕಾಶದ ಕಡೆ ಹೊರಳಿತು. "ಆಹಾ!" ಅಂದ. "ಕನಸು!" ಕಾಗದ ಬಿಚ್ಚಿಕೊಂಡು ಓಡಿ ಬಂದ.

ಬಾಗಿಲು ತನ್ನಷ್ಟಕ್ಕೆ ತಾನೇ ಒಳಗಿಂದ ಅಗುಳಿ ಹಾಕಿಕೊಂಡಿತು.

ನೀತಿ ಬೇಕೇ? ತಗೊಳ್ಳಿ. ಆರ್ಕಿಟೆಕ್ಟು ಕನಸು ಕೇಳಿದಾಗ ಗಂಡನ ಬಾಯಿ ಮುಚ್ಚಿಸಿ.

ಕತೆ ಒಳಗೆ ಉಳಿಯಿತು, ನಾವು ಹೊರಗಾದೆವು. ಏಳಿ ಇನ್ನು, ನಿಮ್ಮ ನಿಮ್ಮ ಚಪ್ಪಲಿ ಮೆಟ್ಟಿಕೊಳ್ಳಿ. ಅಲ್ಲಿ ಒಂದು ಜೊತೆ ಕಾಲಿಟ್ಟರೆ ಕಿರ್ರ್ ಅನ್ನುತ್ತದೆ. ಅದು ನನ್ನದು, ಮುಟ್ಟಬೇಡಿ.