ಟಿಟ್ಟಿಭವೂ ಗಾಲ್ಫ್ ಚೆಂಡೂ

ಪ್ರತಿ ಗುರುವಾರ ಸಂಜೆ ಊರಿನ ಸಣ್ಣ ಕ್ಲಬ್ಬಿನ ಗಂಡಸರು ಗಾಲ್ಫ್ ಆಡಲು ಸೇರುತ್ತಿದ್ದರು. ಒಮ್ಮೆ ಅವರು ಹೊಡೆದ ಚೆಂಡು, ಹುಲ್ಲಿನಲ್ಲಿ ಕಾವಿಗೆ ಕೂತಿದ್ದ ಟಿಟ್ಟಿಭ ಹಕ್ಕಿಯ ಪಕ್ಕಕ್ಕೇ ಉರುಳಿ ಬಂತು.

"ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. ಕೂಗಿ ಅವರನ್ನು ಆಚೆ ಸೆಳೆಯಬೇಕು," ಎಂದು ಟಿಟ್ಟಿಭ ಎದ್ದಿತು.

"ಕೂಗಬೇಡ ತಾಯಿ," ಎಂದಿತು ಚೆಂಡು. "ಅವರು ಬಹಳ ಸಭ್ಯರು. ಒಬ್ಬ ಹೊಡೆಯಲು ನಿಂತರೆ ಉಳಿದವರು ಕೆಮ್ಮುವುದೂ ಇಲ್ಲ. ಅಂಥವರು ಮೊಟ್ಟೆ ತುಳಿದಾರೆಯೇ?"

ಅದೂ ನಿಜವೆನ್ನಿಸಿ ಟಿಟ್ಟಿಭ ಬಾಯಿ ಮುಚ್ಚಿಕೊಂಡು ಸರಿದು ನಿಂತಿತು.

ಹುಡುಕುತ್ತ ಬಂದವರ ಬೂಟಿನಡಿ ಮೊಟ್ಟೆಗಳೆಲ್ಲ ಪಚಕ್ಕನೆ ಒಡೆದವು. "ಸದ್ಯ, ಚೆಂಡು ಸಿಕ್ಕಿತು!" ಎಂದ ಒಬ್ಬ, ಅದಕ್ಕಂಟಿದ್ದ ಲೋಳೆ ಒರೆಸಿ ಹೊಡೆಯಲು ನಿಂತ. ಎಲ್ಲರೂ ಉಸಿರು ಬಿಗಿಹಿಡಿದರು. ಆಗ ಟಿಟ್ಟಿಭ ಎದೆ ಬಿರಿಯುವಂತೆ ಚೀರಿತು.

"ಥೂ," ಎಂದ ಅವನು ಕೋಲು ಇಳಿಸಿ, "ಈ ಹಕ್ಕಿಗೆ ಸಭ್ಯತೆಯ ಗಂಧವೇ ಇಲ್ಲವಲ್ಲ!"